ಒಂದೇ ಹಲ್ಲು

ಕಪನೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ
ಎರಡು ದಾಲ್ ಮಿಲ್ಲುಗಳ ಸಂದಿಗೆ ನಮ್ಮ ಶೆಡ್ಡು.
ಆ ಕಡೆ ತೊಗರಿ, ಈ ಕಡೆ ತೊಗರಿ,
ನಡುವೆ ನಾನು, ಮೂರು ಮಿಲ್ಲಿಯ ಅಲ್ಯೂಮಿನಿಯಂ ಹಾಳೆ,
ಇನ್ನೂ ಹದಿನಾಲ್ಕು ಕಂತು ಬಾಕಿಯಿರುವ ಸಿಎನ್‌ಸಿ.

ಮೊದಲ ಬಿಟ್ ಕಟ್ಟಿಗೆಯದು,
ಬಾಗಿಲಿಗೆ ನವಿಲು ಕೊರೆದು ಕೊರೆದು ಪಳಗಿದ್ದು.
ನಾಲ್ಕು ಹಲ್ಲು.
ಹಲ್ಲು ಹೆಚ್ಚಿದ್ದಷ್ಟೂ ಕೆಲಸ ಹೆಚ್ಚು ಅಂದುಕೊಂಡಿದ್ದೆ.
ಅರ್ಧ ಗೆರೆಗೇ ಬಾಯಿ ಕಟ್ಟಿತು.
ಕರಗಿದ ಲೋಹ ಹಲ್ಲಿನ ಸಂದಿಗೆ
ಬೆಲ್ಲದ ಪಾಕದಂತೆ ಮೆತ್ತಿ
ಟಕ್ ಅಂದದ್ದಷ್ಟೇ ಗೊತ್ತು.

ಎರಡನೆಯದು ಬಂಗಾರದ ಬಣ್ಣದ್ದು, ಹತ್ತರ ಪೆಟ್ಟಿಗೆ,
ಸೂಪರ್ ಮಾರ್ಕೆಟ್ಟಿನ ಅಂಗಡಿಯವ ಆಣೆ ಮಾಡಿ ಕೊಟ್ಟದ್ದು.
ಆ ಬಣ್ಣಕ್ಕೂ ಅಲ್ಯೂಮಿನಿಯಮ್ಮಿಗೂ ಎಂಥದೋ ನಂಟು,
ಹಿಡಿದರೆ ಬಿಡಲೊಲ್ಲದು.
ಹತ್ತರಲ್ಲಿ ಏಳು ಈಗ ಉಪ್ಪಿನಕಾಯಿ ಬಾಟಲಿಯಲ್ಲಿವೆ.

ಮೂರನೆಯದು ಚೂರುಗಳನ್ನು ಕೆಳಕ್ಕೆ ತುಳಿಯುವಂಥದು.
ಎಲ್ಲಿಗೆ ತುಳಿಯುವುದು? ಕೆಳಗೆ ಹಲಗೆ.
ತನ್ನ ಹೊಲಸಿನ ಮೇಲೆ ತಾನೇ ನಿಂತು ಸತ್ತಿತು.

ಪಕ್ಕದ ಲೇಥಿನ ಲಾಡ್ಲೇಸಾಬ ಉಸ್ತಾದರು
ಬಾಟಲಿ ಅಲುಗಿಸಿ ನೋಡಿದರು.
"ಅಣವೀರಾ, ಬಾಯಿ ತುಂಬ ಹಲ್ಲಿದ್ರ
ಉಗುಳಲಿಕ್ಕ ಜಾಗಾ ಎಲ್ಲದ?
ಇದಕ್ಕ ಒಂದೇ ಹಲ್ಲಿಂದು ಬೇಕು. ಬಣ್ಣ ಬ್ಯಾಡ.
ಕನ್ನಡಿಯಂಗ ಹೊಳಿಬೇಕು.
ಮ್ಯಾಲಕ ಎತ್ತಿ ಒಗಿಯೂದು ತಗೋ."

ಸೊಲ್ಲಾಪುರದ ಬಸ್ಸಿನಲ್ಲಿ ಬಂತು, ಕಂಡಕ್ಟರನ ಚೀಲದೊಳಗೆ,
ಅರ್ಧ ಬೆರಳಿನಷ್ಟು ಕಾರ್ಬೈಡು.
ಒಂದು ಅಲಗು. ಉಳಿದದ್ದೆಲ್ಲ
ಅಗಲವಾದ ಒಂದು ಖಾಲಿ ಓಣಿ.
ನಾನು ಕೊಟ್ಟ ರೊಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು
ಆ ಖಾಲಿಗೇ ಹೋಗಿತ್ತು.

ಮೇ ತಿಂಗಳು. ಕರಿ ಕೋಟು ಮೊಣಕೈಗೆ ಹಾಕಿಕೊಂಡು ಬಂದರು,
ಹನ್ನೊಂದು ವರ್ಷ ಇನ್ನೊಬ್ಬರ ಬೋರ್ಡಿನ ಕೆಳಗೆ ಕೂತವರು.
ಚೀಟಿಯಲ್ಲಿ ಬರೆದುಕೊಟ್ಟರು:
ಜಗದೇವಿ ಮಾ. ಕಟ್ಟಿಮನಿ, ವಕೀಲರು.
"ಒಂದು ಅಕ್ಷರ ತಪ್ಪಬಾರದು" ಅಂದು
ಸ್ಟೂಲಿನ ಮೇಲೆ ಕೂತೇಬಿಟ್ಟರು.

ನಮ್ಮ ಅಕ್ಷರ ದುಂಡು, ಅದೊಂದು ಪುಣ್ಯ.
ತಿರುಗುವ ಬಿಟ್ಟಿಗೆ ಒಳಮೂಲೆ ಬರುವುದಿಲ್ಲ,
ಎಂಥ ಚೂಪು ಸಂದಿಯಲ್ಲೂ
ತನ್ನ ಮೈಯಷ್ಟು ದುಂಡು ಉಳಿಸಿಯೇ ಹೊರಡುತ್ತದೆ.
ಹಿಂದಿ ಬೋರ್ಡಿಗಾದರೆ ಆಮೇಲೆ ಅರ ಹಿಡಿದು ಕೂಡಬೇಕು.
ಜ, ಗ, ದೇ,
ಗಾಣದ ಎತ್ತಿಗೆ ಹಾದಿ ಗೊತ್ತಿದ್ದಂತೆ
ಸುತ್ತಿ ಬಂದವು.

ಭಯವಿದ್ದದ್ದು ಟ್ಟಿ.
ಒತ್ತಕ್ಷರ ಸಣ್ಣದು, ಬಿಟ್ ಒಂದೂವರೆ ಮಿಲ್ಲಿ,
ಮುರಿದರೆ ಬದಲಿಯಿಲ್ಲ.
ನಿಧಾನ ಮಾಡಿದೆ. ಇನ್ನೂ ನಿಧಾನ.
ಶಬ್ದ ಕೀರಲಾಯಿತು, ಸುಟ್ಟ ವಾಸನೆ.
ಗೋಡೆಯಾಚೆಯಿಂದಲೇ ಉಸ್ತಾದರ ಕೂಗು:
"ಏ, ಸವರಬ್ಯಾಡ, ಕಡಿ! ಸವರಿದ್ರ ಸುಡ್ತದ!"

ಹೌದು. ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತುವ ಹಲ್ಲು
ಮುಂದೆ ಹೋಗಲು ಅಂಜಿದರೆ ನಿಂತಲ್ಲೇ ಉಜ್ಜುತ್ತದೆ,
ಉಜ್ಜಿದ ಬಿಸಿ ಅದರ ಕುತ್ತಿಗೆಗೇ ಬರುತ್ತದೆ.
ಕಡಿದರೆ, ಪ್ರತಿ ಚೂರೂ
ತನ್ನ ಪಾಲಿನ ಬೆಂಕಿ ಹೊತ್ತು ಹಾರುತ್ತದೆ.
ಹಿಟ್ಟಾಗಬಾರದು, ಹೊಟ್ಟಾಗಬೇಕು.
ಈ ಊರಿನ ಮಿಲ್ಲುಗಳಿಗೆ
ಇದನ್ನು ಯಾರೂ ಕಲಿಸಬೇಕಿಲ್ಲ.

ಒಂದು ಹನಿ ಚಿಮಣಿ ಎಣ್ಣೆ. ಫೀಡು ಏರಿಸಿದೆ.
ಕಣ್ಣು ಮುಚ್ಚಿದೆ, ಆಪರೇಟರ್ ಮಾಡಬಾರದ ಕೆಲಸ.
ಕೀರಲು ಇಳಿದು ಗುಂಯ್ ಅಂತ
ಒಂದೇ ಶ್ರುತಿ ಹಿಡಿಯಿತು.

"ಹಗೂರ ಮಾಡಿದ್ರ ಕೆಡ್ತದೇನು?"
ವಕೀಲರು ಕೇಳಿದರು.
"ಹೌದ್ರಿ ಮೇಡಂ."
ಏನು ನೆನೆದರೋ, ಕೋಟು ಕೊಡವಿ
ಮಿಕ್ಕದ್ದನ್ನು ನಿಂತೇ ನೋಡಿದರು.

ಕಡೆಗೆ ರು-ವಿನ ಹೊಟ್ಟೆಯ ತುಣುಕು ಕಳಚಿ
ಹಲಗೆಯ ಮೇಲೆ ಬಿತ್ತು,
ತೊಗರಿಬೇಳೆಯಷ್ಟು, ಅಂಚು ನುಣುಪು, ಇನ್ನೂ ಬೆಚ್ಚಗೆ.
ಗುಡಿಸಲು ಹೋದೆ. ಕೈ ಅಡ್ಡ ತಂದರು.
"ಹಾಳಿಗೆ ಪೂರಾ ರೊಕ್ಕ ಹಿಡಿದೀರಿ ಹೌದಿಲ್ಲೋ?
ಹಂಗಾರ ಇದೂ ನಂದೇ."
ಪರ್ಸಿನ ಸಣ್ಣ ಖಾನೆಗೆ ಹಾಕಿ ಜಿಪ್ ಎಳೆದರು.

ಬೋರ್ಡು ಆಟೋ ಹತ್ತಿತು.
ಬಿಟ್ ಬಿಚ್ಚಿ, ಬೆಳಕಿಗೆ ಹಿಡಿದು
ಉಗುರಿನ ಮೇಲೆ ಹಲ್ಲು ಎಳೆದು ನೋಡಿದೆ.
ಬಿಳಿ ಪುಡಿ ಎದ್ದಿತು.
ಇನ್ನೊಂದು ಹೆಸರಿಗೆ ಆದೀತು.